ಒಳಗೆ ಮಲಗೋಕೂ ಜಾಗ ಕೊಂಡುಕೊಳ್ಳಬೇಕು

ಕಳೆದ ತಿಂಗಳು ಪಕ್ಕದೂರಿನ ಒಬ್ಬ ತಾಯಿ ನಮ್ಮನ್ನು ಹುಡುಕಿಕೊಂಡು ಬಂದರು. ಕೈಯಲ್ಲಿ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ್ದ ಮೊಬೈಲು. "ನೀವು ಪೇಪರ್ ಬರೆಯೋರಂತಲ್ಲಪ್ಪ, ಇದೊಂದು ನೋಡಿ ಹೇಳ್ರಿ. ಈ ನಂಬರಿಗೆ ಮೂರು ಸಾವಿರ ಹಾಕ್ಬೇಕಂತೆ. ಹಾಕ್ಲಾ, ಬ್ಯಾಡ್ವಾ?" ಎಂದರು.

ಮೊದಲಿಗೆ ನಮಗೆ ಅನಿಸಿದ್ದು ಇದು ಲಾಟರಿ ಮೋಸವೋ ಕೆವೈಸಿ ಮೋಸವೋ ಇರಬೇಕು ಎಂದೇ. ಹಾಗಿರಲಿಲ್ಲ. ಅವರ ಮಗ ಐದು ತಿಂಗಳಿಂದ ಜೈಲಿನಲ್ಲಿದ್ದಾನೆ. ಪಂಪ್‌ಸೆಟ್ ಕೇಬಲ್ ಕಳವಿನ ಕೇಸು, ಅವನ ಜೊತೆ ಇನ್ನಿಬ್ಬರು. ಫೋನ್ ಮಾಡಿದವನು ಮಗನ ಕೈಗೂ ಒಂದು ನಿಮಿಷ ಕೊಟ್ಟಿದ್ದ. ಮಗ ಹೇಳಿದ್ದು ಇಷ್ಟೇ: "ಅವ್ವ, ಹಾಕ್ಸು. ಇಲ್ಲಾಂದ್ರೆ ಮಲಗಾಕೆ ಬಿಡಲ್ಲ."

ನಾವು ಬುದ್ಧಿವಂತರಂತೆ "ಹಾಕಬೇಡಿ, ಜೈಲಿನ ಅಧೀಕ್ಷಕರಿಗೆ ದೂರು ಕೊಡೋಣ" ಎಂದೆವು. ಆಕೆ ನಮ್ಮ ಮುಖ ನೋಡಿ, "ದೂರು ಕೊಟ್ಟ ಮ್ಯಾಲೆ ರಾತ್ರಿ ಅವನು ಎಲ್ಲಿರ್ತಾನಪ್ಪ? ಅಲ್ಲೇ ಅಲ್ವಾ?" ಎಂದು ಕೇಳಿದರು. ನಮಗೆ ಉತ್ತರ ಹೊಳೆಯಲಿಲ್ಲ. ಮರುದಿನ ಒಂದು ಕುರಿ ಮಾರಿ ದುಡ್ಡು ಹಾಕಿಸಿದರಂತೆ.

ಅದು ಯಾವ ಜೈಲು ಎಂದು ನಾವು ಬರೆಯುವುದಿಲ್ಲ. ಬರೆದರೆ ಯಾರ ಬೆನ್ನಿಗೆ ಏಟು ಬೀಳುತ್ತದೆ ಎಂದು ಆ ತಾಯಿ ಆಗಲೇ ಹೇಳಿದ್ದಾರೆ. ಆದರೆ ಆ ಮೂರು ಸಾವಿರದ ಬೆನ್ನು ಹತ್ತಿ ನಾವು ಒಂದಷ್ಟು ಓದಿದೆವು, ನಾಲ್ಕಾರು ಜನರನ್ನು ಕೇಳಿದೆವು. ಜೈಲಿನೊಳಗಿನ ಹೊಡೆದಾಟಕ್ಕೆ ಕಾರಣ ಏನು ಎಂದರೆ ಊರಲ್ಲಿ ಎಲ್ಲರ ಬಾಯಲ್ಲೂ ಒಂದೇ ಉತ್ತರ: "ಕೆಟ್ಟವರನ್ನೆಲ್ಲ ಒಂದು ಕಡೆ ಕೂಡಿ ಹಾಕಿದರೆ ಇನ್ನೇನಾಗುತ್ತೆ?" ಆ ಉತ್ತರ ತಪ್ಪು ಎನ್ನುವುದು ನಮ್ಮ ವಾದ. ಕೆಟ್ಟವರು ಎಲ್ಲ ದೇಶದ ಜೈಲುಗಳಲ್ಲೂ ಇದ್ದಾರೆ. ಎಲ್ಲ ಜೈಲುಗಳಲ್ಲೂ ಮಲಗುವ ಜಾಗ ಮಾರಾಟಕ್ಕಿಲ್ಲ. ಕಾವಲು ಕಾಯಬೇಕಾದ ಸರ್ಕಾರ ಒಳಗಿನ ಅಧಿಕಾರವನ್ನು ಬಲಿಷ್ಠ ಕೈದಿಗೆ ಬಿಟ್ಟುಕೊಟ್ಟ ಕಡೆಯೇ ರಕ್ತ ಹರಿಯುತ್ತದೆ. ಬಿಟ್ಟುಕೊಡುವ ಪರಿಸ್ಥಿತಿ ಯಾಕೆ ಬರುತ್ತದೆ ಎಂದರೆ, ಒಳಗೆ ಇರಲೇಬೇಕಾಗಿಲ್ಲದ ಸಾವಿರಾರು ಜನರನ್ನು ತಂದು ತುಂಬುವುದರಿಂದ.

ಲೆಕ್ಕ ನೋಡಿ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಹೊರತಂದ 2022ರ ಜೈಲು ಅಂಕಿಅಂಶದ ಪ್ರಕಾರ ದೇಶದ ಎಲ್ಲ ಜೈಲುಗಳಲ್ಲಿ ಸೇರಿ 4,36,266 ಜನರಿಗೆ ಜಾಗ ಇತ್ತು. ಇದ್ದವರು 5,73,220. ನೂರು ಜನರ ಜಾಗದಲ್ಲಿ ನೂರಾ ಮೂವತ್ತೊಂದು ಜನ. ಇದು ಸರಾಸರಿ. ಕೆಲವು ರಾಜ್ಯಗಳಲ್ಲಿ ಇದಕ್ಕಿಂತ ಬಹಳ ಕೆಟ್ಟದಾಗಿದೆ. ಅದೇ ಹೊತ್ತಿಗೆ ಜೈಲು ಸಿಬ್ಬಂದಿಯ ಮಂಜೂರಾದ ಹುದ್ದೆಗಳಲ್ಲಿ ನೂರಕ್ಕೆ ಮೂವತ್ತರಷ್ಟು ಖಾಲಿ. ಅಂದರೆ ಮಲಗುವವರು ಜಾಸ್ತಿ, ಕಾಯುವವರು ಕಡಿಮೆ. ಸಂತೆಗೆ ಹೋದವರಿಗೆ ಗೊತ್ತಿರುವ ಮಾತು: ಯಾವುದು ಕಡಿಮೆ ಇರುತ್ತದೋ ಅದಕ್ಕೆ ಬೆಲೆ ಬರುತ್ತದೆ. ಜೈಲಿನಲ್ಲಿ ಕಡಿಮೆ ಇರುವುದು ಗೋಡೆ ಪಕ್ಕದ ಮೂರಡಿ ನೆಲ, ಫ್ಯಾನಿನ ಕೆಳಗಿನ ಜಾಗ, ಸ್ನಾನದ ನೀರು, ಇನ್ನೊಂದು ಸೌಟು ಸಾರು, ಮನೆಗೆ ಒಂದು ಫೋನು. ಇವೆಲ್ಲ ಸರ್ಕಾರ ಹಂಚಬೇಕಾದವು. ಹಂಚುವವನಿಲ್ಲದಾಗ ಹಂಚುವ ಕೆಲಸವನ್ನು ಬ್ಯಾರಕ್ಕಿನ ಗಟ್ಟಿಗ ತೆಗೆದುಕೊಳ್ಳುತ್ತಾನೆ. ಅವನೇನೂ ಪುಕ್ಕಟೆ ಹಂಚುವುದಿಲ್ಲ. ದುಡ್ಡಿದ್ದವನಿಂದ ದುಡ್ಡು, ಇಲ್ಲದವನಿಂದ ಚಾಕರಿ, ಎರಡೂ ಇಲ್ಲ ಎಂದವನಿಗೆ ಏಟು.

ಗಟ್ಟಿಗನ ಕೈಗೆ ಅಧಿಕಾರ ಕೊಡುವುದು ಕದ್ದುಮುಚ್ಚಿ ನಡೆದ ಕೆಲಸವೂ ಅಲ್ಲ. ಬ್ರಿಟಿಷರು 1894ರಲ್ಲಿ ಮಾಡಿದ ಕಾರಾಗೃಹ ಕಾಯ್ದೆಯಲ್ಲೇ, ಜೈಲಿನ ಅಧಿಕಾರಿಯಾಗಿ ನೇಮಕಗೊಂಡ ಕೈದಿಯನ್ನು ಸರ್ಕಾರಿ ನೌಕರ ಎಂದೇ ಪರಿಗಣಿಸಬೇಕು ಎಂಬ ಕಲಂ ಇದೆ. ಶಿಕ್ಷೆಯಾದ ಕೈದಿಯನ್ನೇ ಕಾವಲುಗಾರನನ್ನಾಗಿ, ಮೇಸ್ತ್ರಿಯನ್ನಾಗಿ ಮಾಡಿ ಉಳಿದ ಕೈದಿಗಳ ಮೇಲೆ ಬಿಡುವುದು. ಸಂಬಳದ ಖರ್ಚು ಉಳಿಯುತ್ತದಲ್ಲ! ಬ್ರಿಟಿಷರು ಹೋಗಿ ಮುಕ್ಕಾಲು ಶತಮಾನ ಕಳೆದರೂ ಅದೇ ಕಾಯ್ದೆಯ ಮೇಲೆ ನಮ್ಮ ಬಹುತೇಕ ಜೈಲುಗಳು ನಡೆದವು. ಹೊಸ ಮಾದರಿ ಕಾಯ್ದೆಯೊಂದನ್ನು ಕೇಂದ್ರ ಸರ್ಕಾರ ರಾಜ್ಯಗಳಿಗೆ ಕಳಿಸಿದ್ದು 2023ರಲ್ಲಿ.

ಹಳೆಯ ಜೈಲು ಕೈಪಿಡಿಗಳಲ್ಲಿ ಇನ್ನೂ ಒಂದು ವಿಷಯ ಇತ್ತು. ಅಡುಗೆಗೆ ಇಂಥ ಜಾತಿಯವರು, ಕಕ್ಕಸು ಗುಡಿಸಲು ಇಂಥ ಜಾತಿಯವರು ಎಂದು ಕೆಲವು ರಾಜ್ಯಗಳ ನಿಯಮಗಳಲ್ಲಿ ಬರೆದೇ ಇಟ್ಟಿದ್ದರು. ಪತ್ರಕರ್ತೆ ಸುಕನ್ಯಾ ಶಾಂತಾ ಇದನ್ನು ಸುಪ್ರೀಂ ಕೋರ್ಟಿಗೆ ಒಯ್ದರು. 2024ರ ಅಕ್ಟೋಬರ್ 3ರಂದು ಕೋರ್ಟು ಆ ನಿಯಮಗಳು ಸಂವಿಧಾನಕ್ಕೆ ವಿರುದ್ಧ ಎಂದು ತೆಗೆದುಹಾಕಿತು. ವರದಿಗಾರಿಕೆ ಕಲಿತ ನಮಗೆ ಇದೊಂದು ಹೆಮ್ಮೆಯ ವಿಷಯ, ಅದಕ್ಕೇ ಇಲ್ಲಿ ಹೇಳಿದೆವು. ಆದರೆ ನಿಯಮದ ಪುಸ್ತಕವೇ ಒಬ್ಬನನ್ನು ಮೇಲೆ, ಇನ್ನೊಬ್ಬನನ್ನು ಕೆಳಗೆ ಕೂರಿಸಿದ ಜಾಗದಲ್ಲಿ ಹೊಡೆಯುವ ಕೈ ಯಾರದು, ತಿನ್ನುವ ಬೆನ್ನು ಯಾರದು ಎಂದು ಊರಿನಲ್ಲಿ ಹುಟ್ಟಿದ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಫೋನಿನ ಮೂರು ಸಾವಿರಕ್ಕೆ ಮತ್ತೆ ಬರೋಣ. ಇದು ಫೋನ್‌ಪೇ ಬಂದ ಮೇಲೆ ಹುಟ್ಟಿದ ದಂಧೆ ಅಲ್ಲ. ದಿಲ್ಲಿಯ ತಿಹಾರ್ ಜೈಲಿನ ಒಬ್ಬ ಕೈದಿ 1979ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗೆ ಒಂದು ಕಾಗದ ಬರೆದ. ತನ್ನ ಬಗ್ಗೆ ಅಲ್ಲ, ಪಕ್ಕದ ಇನ್ನೊಬ್ಬ ಕೈದಿಯ ಬಗ್ಗೆ. ಆ ಕೈದಿಯನ್ನು ನೋಡಲು ಬರುವ ಸಂಬಂಧಿಕರಿಂದ ಹಣ ಹಿಂಡಲು ಒಬ್ಬ ವಾರ್ಡರ್ ಅವನಿಗೆ ಭೀಕರ ಚಿತ್ರಹಿಂಸೆ ಕೊಟ್ಟಿದ್ದಾನೆ ಎಂಬುದು ದೂರು. ಕೋರ್ಟು ಆ ಕಾಗದವನ್ನೇ ಅರ್ಜಿ ಎಂದು ತೆಗೆದುಕೊಂಡು, ಜೈಲಿಗೆ ಹೋದ ಮಾತ್ರಕ್ಕೆ ಮನುಷ್ಯನ ಮೂಲಭೂತ ಹಕ್ಕು ಬಾಗಿಲಲ್ಲೇ ಉಳಿಯುವುದಿಲ್ಲ ಎಂಬ ಅರ್ಥದ ತೀರ್ಪು ಕೊಟ್ಟಿತು. ಸುನಿಲ್ ಬಾತ್ರಾ ಕೇಸು ಎಂದು ಕಾನೂನು ಓದಿದವರಿಗೆಲ್ಲ ಗೊತ್ತು. ನಲವತ್ತೈದು ವರ್ಷ ಆಯಿತು. ಆಗ ಸಂಬಂಧಿಕರು ಜೈಲಿನ ಬಾಗಿಲಿಗೆ ಬಂದಾಗ ಕೇಳುತ್ತಿದ್ದರು, ಈಗ ಅವರ ಮನೆಯ ಅಟ್ಟಿಗೇ ಫೋನ್ ಬರುತ್ತದೆ.

ಏಟು ಬೀಳುವುದು ದೊಡ್ಡ ಕಾರಣಕ್ಕೇ ಎಂದುಕೊಳ್ಳಬೇಡಿ. 2017ರ ಜೂನ್‌ನಲ್ಲಿ ಮುಂಬೈಯ ಬೈಕುಲ್ಲಾ ಮಹಿಳಾ ಜೈಲಿನಲ್ಲಿ ನಡೆದದ್ದು ನೆನಪಿದೆಯೇ? ಜೀವಾವಧಿ ಶಿಕ್ಷೆಯಲ್ಲಿದ್ದ 38 ವರ್ಷದ ಒಬ್ಬಾಕೆಯನ್ನು ಒಳ್ಳೆಯ ನಡತೆಗಾಗಿ ವಾರ್ಡರ್ ಮಾಡಿದ್ದರು. ಬ್ಯಾರಕ್ಕಿಗೆ ಬಂದ ತಿಂಡಿಯಲ್ಲಿ ಎರಡು ಮೊಟ್ಟೆ, ಐದು ಪಾವ್ ಕಡಿಮೆ ಇದೆ ಎಂಬ ವಿಷಯಕ್ಕೆ ಮಾತು ಬೆಳೆಯಿತು. ಜೈಲಿನ ಸಿಬ್ಬಂದಿಯೇ ಆಕೆಯನ್ನು ಹೊಡೆದರು, ಆಕೆ ಸತ್ತರು ಎಂಬುದು ಪೊಲೀಸರ ಕೇಸು. ಆರು ಸಿಬ್ಬಂದಿಯ ಬಂಧನವಾಯಿತು. ಎರಡು ಮೊಟ್ಟೆ! ಮರುದಿನ ಅಲ್ಲಿದ್ದ ಹೆಂಗಸರು ಸಿಟ್ಟಿಗೆದ್ದು ಜೈಲಿನ ಮಾಳಿಗೆ ಹತ್ತಿ, ಸಿಕ್ಕಿದ್ದಕ್ಕೆ ಬೆಂಕಿ ಹಚ್ಚಿದರು. ಆಗ ಇನ್ನೂರಕ್ಕೂ ಹೆಚ್ಚು ಹೆಂಗಸರ ಮೇಲೆ ದೊಂಬಿ ಕೇಸು ಬಿತ್ತು. ಟಿವಿಯವರು 'ಜೈಲಿನಲ್ಲಿ ಗಲಭೆ' ಎಂದು ತೋರಿಸಿದ್ದು ಆ ಬೆಂಕಿಯನ್ನು. ಹಿಂದಿನ ದಿನದ ಮೊಟ್ಟೆ ಲೆಕ್ಕ ಆಮೇಲೆ ಬಂತು. ಜೈಲಿನ ಹಿಂಸೆ ಎಂದು ನಮಗೆ ಕಾಣುವುದು ಯಾವಾಗಲೂ ಎರಡನೇ ದಿನದ್ದು.

ಇನ್ನೊಂದು ತರಹದ್ದೂ ಇದೆ. 2023ರ ಮೇ 2ರಂದು ತಿಹಾರ್‌ನಲ್ಲಿ ಒಬ್ಬ ಗ್ಯಾಂಗ್‌ಸ್ಟರ್‌ನನ್ನು ಎದುರಾಳಿ ಗುಂಪಿನವರು ಚುಚ್ಚಿ ಕೊಂದರು. ಸಿಸಿಟಿವಿ ವಿಡಿಯೊ ಹೊರಗೆ ಬಂತು. ಸಿಬ್ಬಂದಿ ಎದುರಿಗೇ ಇದ್ದರೂ ಮತ್ತೆ ಚುಚ್ಚುತ್ತಿದ್ದದ್ದು ಅದರಲ್ಲಿ ಕಂಡಿತು. ನಮ್ಮ ಮಂಗಳೂರಿನ ಜಿಲ್ಲಾ ಕಾರಾಗೃಹದಲ್ಲೂ 2015ರ ನವೆಂಬರ್‌ನಲ್ಲಿ ಇಬ್ಬರು ವಿಚಾರಣಾಧೀನ ಕೈದಿಗಳು ಜೈಲಿನೊಳಗೇ ಕೊಲೆಯಾದರು. ಕೋರ್ಟು ಇನ್ನೂ ತಪ್ಪಿತಸ್ಥ ಎಂದಿಲ್ಲದ ಮನುಷ್ಯನನ್ನು ಸರ್ಕಾರ ತನ್ನ ಬೀಗದೊಳಗೆ ಇಟ್ಟುಕೊಂಡಿದೆ, ಆ ಬೀಗದೊಳಗೆ ಅವನ ಹೆಣ ಬೀಳುತ್ತದೆ.

ಇದು ನಮ್ಮ ದೇಶದ ಹಣೆಬರಹ ಮಾತ್ರವಾ ಎಂದು ನಾವೂ ಕೇಳಿಕೊಂಡೆವು. ಅಲ್ಲ. ನಮ್ಮ ಹಾಗೇ ಜನ ಜಾಸ್ತಿ, ಖಜಾನೆ ಸಣ್ಣದು ಇರುವ ದೇಶಗಳಲ್ಲೆಲ್ಲ ಇದೇ ಗಾಡಿ ಇದೇ ಗಾಲಿಯ ಮೇಲೆ ಓಡುತ್ತಿದೆ. ಅದು ಕೊನೆಗೆ ಎಲ್ಲಿಗೆ ಹೋಗಿ ನಿಲ್ಲುತ್ತದೆ ಎಂದು ನೋಡಬೇಕಾದರೆ ಬ್ರೆಜಿಲ್ ಕಡೆ ನೋಡಬೇಕು. ಸ್ವಲ್ಪ ದೂರದ ಪ್ರಯಾಣ, ಆದರೂ ಜೊತೆಗೆ ಬನ್ನಿ.

ಅಲ್ಲಿನ ಸಾವೊ ಪಾಲೊ ನಗರದಲ್ಲಿ ಕರಂಡಿರು ಎಂಬ ದೊಡ್ಡ ಜೈಲಿತ್ತು. ಹಿಡಿಸುವುದಕ್ಕಿಂತ ಬಹಳ ಹೆಚ್ಚು, ಏಳು ಸಾವಿರದಷ್ಟು ಜನ ತುಂಬಿದ್ದರು. 1992ರ ಅಕ್ಟೋಬರ್ 2ರಂದು ಒಂಬತ್ತನೇ ಕಟ್ಟಡದಲ್ಲಿ ಕೈದಿಗಳ ನಡುವೆ ಜಗಳ ಹತ್ತಿ ಹೊತ್ತಿಕೊಂಡಿತು. ಪೊಲೀಸ್ ಪಡೆ ನುಗ್ಗಿತು. ಸಂಜೆಯ ಹೊತ್ತಿಗೆ 111 ಕೈದಿಗಳು ಸತ್ತಿದ್ದರು. ಪೊಲೀಸರಲ್ಲಿ ಒಬ್ಬರೂ ಸಾಯಲಿಲ್ಲ.

'ಬುದ್ಧಿ ಕಲಿಸಿದರು' ಎಂದು ಅಲ್ಲಿಯೂ ಬಹಳ ಜನ ಚಪ್ಪಾಳೆ ತಟ್ಟಿದರು. ಕೈದಿಗಳು ಕಲಿತ ಬುದ್ಧಿ ಬೇರೆಯೇ. ಮರುವರ್ಷ, 1993ರಲ್ಲಿ, ಅದೇ ರಾಜ್ಯದ ಟೌಬಾಟೆ ಎಂಬ ಊರಿನ ಜೈಲಿನಲ್ಲಿ ಕೆಲವು ಕೈದಿಗಳು ಸೇರಿ ಒಂದು ಸಂಘ ಕಟ್ಟಿದರು. ಹೆಸರು ಪಿಸಿಸಿ. ಸರ್ಕಾರ ನಮ್ಮನ್ನು ಕಾಯುವುದಿಲ್ಲ, ನಾವೇ ನಮ್ಮನ್ನು ಕಾಯಬೇಕು ಎಂಬುದೇ ಅದರ ಮೂಲ ಮಾತು. ಹೊಸದಾಗಿ ಒಳಗೆ ಬಂದ ಹುಡುಗನಿಗೆ ಸೋಪು, ಬಟ್ಟೆ, ಮನೆಯವರು ಬಂದು ಹೋಗಲು ಬಸ್ಸಿನ ವ್ಯವಸ್ಥೆ, ವಕೀಲ, ಎಲ್ಲಕ್ಕಿಂತ ಮುಖ್ಯವಾಗಿ ರಾತ್ರಿ ಯಾರೂ ಮೈಮೇಲೆ ಬೀಳುವುದಿಲ್ಲ ಎಂಬ ಭರವಸೆ. ಇವನ್ನು ಕೊಡಬೇಕಾದ್ದು ಯಾರು? ಸರ್ಕಾರ. ಕೊಟ್ಟವರು ಯಾರು? ಪಿಸಿಸಿ. ಬದಲಿಗೆ ಹುಡುಗ ಹೊರಗೆ ಹೋದ ಮೇಲೆ ಅವರ ಋಣ ತೀರಿಸಬೇಕು. 2006ರ ಮೇ ತಿಂಗಳಲ್ಲಿ ಈ ಗುಂಪು ಕಣ್ಸನ್ನೆ ಮಾಡಿದಾಗ ಸಾವೊ ಪಾಲೊ ರಾಜ್ಯದ 70ಕ್ಕೂ ಹೆಚ್ಚು ಜೈಲುಗಳಲ್ಲಿ ಒಟ್ಟಿಗೇ ದಂಗೆ ಎದ್ದಿತು, ಹೊರಗೆ ಬೀದಿಯಲ್ಲಿ ಪೊಲೀಸರ ಮೇಲೆ ದಾಳಿಯಾಯಿತು, ಮಹಾನಗರವೇ ಬಾಗಿಲು ಹಾಕಿಕೊಂಡಿತು.

ಇಲ್ಲಿ ಒಂದು ವಿಚಿತ್ರವನ್ನು ಹೇಳಬೇಕು. ಆ ಗುಂಪಿನ ಹಿಡಿತ ಪೂರ್ತಿ ಆದ ಮೇಲೆ ಸಾವೊ ಪಾಲೊ ಜೈಲುಗಳೊಳಗೆ ಕೊಲೆ ಕಡಿಮೆಯಾಯಿತು ಎಂದು ಅಲ್ಲಿ ಅಧ್ಯಯನ ಮಾಡಿದವರು ಬರೆದಿದ್ದಾರೆ. ಒಬ್ಬನೇ ಯಜಮಾನ ಇದ್ದರೆ ಜಗಳ ಯಾರ ಜೊತೆ? ಹಾಗಾಗಿ 'ನಮ್ಮ ಜೈಲು ಶಾಂತವಾಗಿದೆ' ಎಂದು ಯಾರಾದರೂ ಹೇಳಿದರೆ ನಾವು ಕೇಳಬೇಕಾದ್ದು ಆ ಶಾಂತಿ ಯಾರದು ಎಂದು. ಯಜಮಾನರು ಇಬ್ಬರಾದ ದಿನ ಅದು ಮುಗಿಯುತ್ತದೆ. 2017ರ ಜನವರಿ 1ರಂದು ಮನಾಸ್ ನಗರದ ಜೈಲಿನಲ್ಲಿ ಪಿಸಿಸಿಗೂ ಇನ್ನೊಂದು ಗುಂಪಿಗೂ ಹತ್ತಿದ ಕಾಳಗದಲ್ಲಿ 56 ಜನ ಸತ್ತರು. ಸುಮಾರು 450 ಜನರಿಗೆಂದು ಕಟ್ಟಿದ ಆ ಜೈಲಿನಲ್ಲಿ 1,200ಕ್ಕೂ ಹೆಚ್ಚು ಜನ ಇದ್ದರು. ಅದನ್ನು ನಡೆಸುತ್ತಿದ್ದದ್ದು ಸರ್ಕಾರದಿಂದ ಗುತ್ತಿಗೆ ಪಡೆದ ಖಾಸಗಿ ಕಂಪನಿ. ಜೈಲನ್ನು ಖಾಸಗಿಗೆ ಕೊಟ್ಟರೆ ಎಲ್ಲ ಸರಿಹೋಗುತ್ತದೆ ಎನ್ನುವವರು ಇದನ್ನೂ ನೆನಪಿಟ್ಟುಕೊಳ್ಳಲಿ.

ಆ ದೇಶದಲ್ಲಿ 1990ರಲ್ಲಿ ಕೈದಿಗಳು ಸುಮಾರು 90 ಸಾವಿರ. 2016ರ ಹೊತ್ತಿಗೆ ಏಳು ಲಕ್ಷ ದಾಟಿದ್ದರು. ಅವರಲ್ಲಿ ಹತ್ತಕ್ಕೆ ನಾಲ್ಕು ಮಂದಿ ಇನ್ನೂ ತೀರ್ಪು ಬರದವರು. ಜೈಲು ಕಟ್ಟಿದರು, ತುಂಬಿತು. ಮತ್ತೆ ಕಟ್ಟಿದರು, ಮತ್ತೆ ತುಂಬಿತು. ಗುಂಪಿಗೆ ಹೊಸ ಹುಡುಗರನ್ನು ಸರ್ಕಾರವೇ ತನ್ನ ವ್ಯಾನಿನಲ್ಲಿ ತಂದು ಬಿಟ್ಟ ಹಾಗಾಯಿತು.

ಅದೇ ಬ್ರೆಜಿಲ್‌ನಲ್ಲಿ ಅಪಾಕ್ ಎಂಬ ಸಂಸ್ಥೆ ನಡೆಸುವ ಸಣ್ಣ ಸಣ್ಣ ಜೈಲುಗಳೂ ಇವೆ. ಬಂದೂಕು ಹಿಡಿದ ಕಾವಲುಗಾರರಿಲ್ಲ, ಬಾಗಿಲಿನ ಬೀಗದಕೈ ಕೈದಿಗಳ ಹತ್ತಿರವೇ ಇರುತ್ತದೆ, ಅಡುಗೆ, ಕೆಲಸ, ಓದು ಎಲ್ಲ ಅವರದೇ. ಹಾಗಾದರೆ ಇದೂ ಕೈದಿಯ ಕೈಗೆ ಅಧಿಕಾರ ಕೊಟ್ಟಂತೆ ಅಲ್ಲವೇ ಎಂದು ನಮ್ಮ ಗುಂಪಿನಲ್ಲೇ ಒಬ್ಬರು ತಕರಾರು ತೆಗೆದರು. ವ್ಯತ್ಯಾಸ ಇದೆ. ಅಲ್ಲಿ ಜನ ಕಡಿಮೆ, ಪ್ರತಿಯೊಬ್ಬನಿಗೂ ಹಾಸಿಗೆ ಇದೆ, ಊಟ ಇದೆ. ಕೊಂಡುಕೊಳ್ಳಬೇಕಾದ್ದು ಏನೂ ಇಲ್ಲದಿದ್ದರೆ ಮಾರುವವನ ಅಂಗಡಿ ನಡೆಯುವುದಿಲ್ಲ.

ವಾಪಸ್ ನಮ್ಮ ಊರಿಗೆ ಬರೋಣ. 2024ರ ಆಗಸ್ಟ್‌ನಲ್ಲಿ ಪರಪ್ಪನ ಅಗ್ರಹಾರ ಜೈಲಿನ ಒಂದು ಫೋಟೊ ನಿಮ್ಮ ಮೊಬೈಲಿಗೂ ಬಂದಿರುತ್ತದೆ. ಹೆಸರಾಂತ ನಟರೊಬ್ಬರು ಹುಲ್ಲುಹಾಸಿನ ಮೇಲೆ ಕುರ್ಚಿ ಹಾಕಿಕೊಂಡು, ಒಂದು ಕೈಯಲ್ಲಿ ಸಿಗರೇಟು, ಇನ್ನೊಂದು ಕೈಯಲ್ಲಿ ಕಪ್ಪು ಹಿಡಿದು ಕೂತಿದ್ದ ಫೋಟೊ. ಸಿಬ್ಬಂದಿ ಅಮಾನತಾದರು, ನಟರನ್ನು ಬಳ್ಳಾರಿ ಜೈಲಿಗೆ ಕಳಿಸಿದರು. ಊರೂರಿನ ಟೀ ಅಂಗಡಿಯಲ್ಲಿ ಒಂದು ತಿಂಗಳು ಅದೇ ಮಾತು. ಸಿಗರೇಟು ಹೇಗೆ ಒಳಗೆ ಹೋಯಿತು, ಫೋನು ಹೇಗೆ ಹೋಯಿತು ಎಂದು ಎಲ್ಲರೂ ಕೇಳಿದರು. ಆ ಕುರ್ಚಿಗೂ ನಮ್ಮ ಪಕ್ಕದೂರಿನ ಹುಡುಗ ಕೊಂಡುಕೊಂಡ ಮೂರಡಿ ನೆಲಕ್ಕೂ ಸಂಬಂಧ ಇದೆ ಎಂದು ಯಾರಿಗೂ ಹೊಳೆಯಲಿಲ್ಲ, ಆಗ ನಮಗೂ ಹೊಳೆದಿರಲಿಲ್ಲ. ಒಂದು ಕಡೆ ಕುರ್ಚಿ ದುಡ್ಡಿಗೋ ಪ್ರಭಾವಕ್ಕೋ ಸಿಗುವ ಜಾಗದಲ್ಲಿ ಇನ್ನೊಂದು ಕಡೆ ನೆಲಕ್ಕೂ ದುಡ್ಡು ಕೊಡಬೇಕಾಗುತ್ತದೆ.

"ಜೈಲಿಗೆ ಹೋದವನು ಏಟು ತಿಂದರೆ ತಿನ್ನಲಿ ಬಿಡ್ರಿ, ಮುದ್ದೆ ಉಂಡು ಮಲಗೋಕೆ ಹೋಗಿದ್ದಾನಾ?" ಈ ಬರಹ ಬರೆಯುತ್ತಿದ್ದೇವೆ ಎಂದಾಗ ನಮ್ಮ ಮನೆಯವರೇ ಹೇಳಿದ ಮಾತಿದು. ಈ ಸಿಟ್ಟು ಸುಳ್ಳಲ್ಲ. ಬೇಸಿಗೆಯಲ್ಲಿ ಕೇಬಲ್ ಕಳೆದುಕೊಂಡು ಅಡಿಕೆ ಗಿಡ ಒಣಗಿಸಿಕೊಂಡ ರೈತ ನಮ್ಮ ಓಣಿಯಲ್ಲೂ ಇದ್ದಾರೆ. ಮಗಳನ್ನು ಕಳೆದುಕೊಂಡ ಅಪ್ಪನ ಎದುರು ಕೂತು ಕೈದಿಯ ಹಕ್ಕು ಎಂದು ನಾವು ಭಾಷಣ ಬಿಗಿಯುವುದೂ ಇಲ್ಲ. ಆದರೆ ಎರಡು ವಿಷಯ ಯೋಚಿಸಿ. ಒಂದು, 2022ರ ಲೆಕ್ಕದಲ್ಲಿ ಒಳಗಿದ್ದ 5,73,220 ಜನರಲ್ಲಿ 4,34,302 ಮಂದಿ ವಿಚಾರಣಾಧೀನರು. ನಾಲ್ವರಲ್ಲಿ ಮೂವರು. ಕಳ್ಳ ಹೌದೋ ಅಲ್ಲವೋ ಎಂದು ಕೋರ್ಟು ಇನ್ನೂ ಹೇಳಿಲ್ಲ, ಏಟು ಮಾತ್ರ ಶುರುವಾಗಿದೆ. ಅವರಲ್ಲಿ ಮೂರರಲ್ಲಿ ಎರಡು ಪಾಲು ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಮತ್ತು ಹಿಂದುಳಿದ ವರ್ಗದವರು. ಹೆಚ್ಚಿನವರು ಹತ್ತನೇ ತರಗತಿ ದಾಟದವರು. ಎರಡು, ಅವರು ವಾಪಸ್ ನಮ್ಮ ಊರಿಗೇ ಬರುತ್ತಾರೆ. ಕೇಬಲ್ ಕದ್ದ ಇಪ್ಪತ್ತರ ಹುಡುಗ ಒಳಗೆ ಜೀವ ಉಳಿಸಿಕೊಳ್ಳಲು ಯಾರದೋ ಕಾಲು ಒತ್ತಿ, ಯಾರದೋ ಋಣ ಹೊತ್ತು ಬಂದರೆ, ಮುಂದಿನ ಸಲ ಅವನ ಕೈಯಲ್ಲಿ ಕೇಬಲ್ ಕತ್ತರಿಸುವ ಇಕ್ಕಳ ಇರುವುದಿಲ್ಲ, ಮಚ್ಚು ಇರುತ್ತದೆ.

ಹಾಗಾದರೆ ಈ ನಾಲ್ವರಲ್ಲಿ ಮೂವರು ಯಾಕೆ ಒಳಗಿದ್ದಾರೆ? ಎಲ್ಲರದೂ ಕೊಲೆ ಕೇಸಲ್ಲ. ಕೆಲವರಿಗೆ ಜಾಮೀನು ಸಿಕ್ಕಿಲ್ಲ. ಕೆಲವರಿಗೆ ಸಿಕ್ಕಿಯೂ ಬಿಡುಗಡೆ ಇಲ್ಲ. ನಮ್ಮ ಪಕ್ಕದೂರಿನ ಹುಡುಗ ಎರಡನೆಯವನು. ಅವನಿಗೆ ಜಾಮೀನು ಮಂಜೂರಾಗಿ ಎರಡು ತಿಂಗಳಾಗಿದೆ! ತಲಾ ಐವತ್ತು ಸಾವಿರದ ಇಬ್ಬರು ಶ್ಯೂರಿಟಿ ಬೇಕು ಎಂದು ಷರತ್ತು. ಶ್ಯೂರಿಟಿ ಎಂದರೆ ಪಹಣಿ. ಇವರದೊಂದು ಎಕರೆ ಹೊಲ ಇದೆ, ಆದರೆ ಪಹಣಿ ಇನ್ನೂ ತೀರಿಹೋದ ಮಾವನ ಹೆಸರಿನಲ್ಲಿದೆ. ಪೌತಿ ಖಾತೆ ಆಗಿಲ್ಲ. ಸತ್ತವರು ಜಾಮೀನು ನಿಲ್ಲಲು ಆಗುತ್ತದೆಯೇ? ಅಣ್ಣ ತಮ್ಮಂದಿರು ಮುಖ ತಿರುಗಿಸಿದರು. "ನಮ್ಮ ಪಹಣಿ ಕೊಟ್ಟರೆ ಹೊಲವೇ ಹೋಗುತ್ತೆ" ಎಂಬ ಭಯ. ಹುಡುಗ ಹೇಳಿದ ದಿನ ಕೋರ್ಟಿಗೆ ಬರದೆ ತಪ್ಪಿಸಿಕೊಂಡರೆ ಬಾಂಡಿನಲ್ಲಿ ಬರೆದ ಹಣ ಕಟ್ಟಬೇಕಾಗಬಹುದು ಎಂಬುದು ನಿಜ. ಆದರೆ ಸಹಿ ಹಾಕಿದ ಕೂಡಲೇ ಹೊಲ ಹೋಗುವುದಿಲ್ಲ. ಇದನ್ನು ಅವರಿಗೆ ಯಾರೂ ಬಿಡಿಸಿ ಹೇಳಿರಲಿಲ್ಲ.

ಮಧ್ಯಪ್ರದೇಶದಲ್ಲಿ ಮೋತಿ ರಾಮ್ ಎಂಬ ಒಬ್ಬ ಗಾರೆ ಕೆಲಸದವರಿದ್ದರು. ಅವರ ಜಾಮೀನಿಗೆ ಮ್ಯಾಜಿಸ್ಟ್ರೇಟರು ಹತ್ತು ಸಾವಿರ ರೂಪಾಯಿ ಶ್ಯೂರಿಟಿ ಕೇಳಿದರು. ತಮ್ಮ ಶ್ಯೂರಿಟಿ ಕೊಡಲು ಬಂದರೆ, ಅವನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂದು ಒಪ್ಪಲಿಲ್ಲ. 1978ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರು ಈ ಕೇಸಿನಲ್ಲಿ, ಬಡವನಿಗೆ ಅವನ ಕೈಗೆ ಎಟುಕದ ಶ್ಯೂರಿಟಿ ಕೇಳುವುದು ಜಾಮೀನು ಕೊಡದೇ ಇದ್ದ ಹಾಗೆ ಎಂಬ ಅರ್ಥದಲ್ಲಿ ತರಾಟೆಗೆ ತೆಗೆದುಕೊಂಡರು. ಒಂದು ಸಾವಿರ ರೂಪಾಯಿಯ ಸ್ವಂತ ಬಾಂಡಿನ ಮೇಲೆ ಬಿಡಿ ಎಂದರು. ತೀರ್ಪು ಪುಸ್ತಕದಲ್ಲಿದೆ. ತಾಲ್ಲೂಕು ಕೋರ್ಟಿನ ಜಗಲಿಯ ಮೇಲೆ ಇವತ್ತಿಗೂ ಪಹಣಿ ಹಿಡಿದ ಜನ ಸಾಲುಗಟ್ಟಿ ಕೂತಿರುತ್ತಾರೆ. ಪಹಣಿ ಇಲ್ಲದವರಿಗೆ ದುಡ್ಡಿಗೆ ಪಹಣಿ ಹೊಂದಿಸಿ ಕೊಡುವವರೂ ಅಲ್ಲೇ ಸುಳಿದಾಡುತ್ತಾರೆ. ಅದರ ತಂಟೆಗೆ ಹೋಗಬೇಡಿ, ಸುಳ್ಳು ದಾಖಲೆಯ ಕೇಸು ನಿಮ್ಮ ತಲೆಗೇ ಬರುತ್ತದೆ.

2022ರ ನವೆಂಬರ್ 26ರಂದು, ಸಂವಿಧಾನ ದಿನದ ಸಭೆಯಲ್ಲಿ ರಾಷ್ಟ್ರಪತಿ ದ್ರೌಪದಿ ಮುರ್ಮು ಅವರು ಬರೆದುಕೊಂಡು ಬಂದ ಭಾಷಣ ಬಿಟ್ಟು ಈ ವಿಷಯ ಮಾತಾಡಿದರು. ಸಣ್ಣ ಪುಟ್ಟ ಗಲಾಟೆಗೆ ಒಳಗೆ ಹೋದ ಬಡವರನ್ನು ಬಿಡಿಸಿಕೊಳ್ಳಲು ಮನೆಯವರಿಗೆ ಮನೆ ಮಠ ಮಾರುವ ಸ್ಥಿತಿ ಬರುತ್ತದೆ, ಇನ್ನೂ ಜೈಲು ಕಟ್ಟಬೇಕು ಎನ್ನುತ್ತಾರೆ, ಯಾಕೆ ಎಂದು ಕೇಳಿದರು. ಅದಾದ ಮೇಲೆ ಒಂದಷ್ಟು ಚಲನೆ ಆಯಿತು. 2023ರ ಜನವರಿ 31ರಂದು ಸುಪ್ರೀಂ ಕೋರ್ಟು ಜಾಮೀನಿನ ಬಗ್ಗೆ ಸೂಚನೆ ಹೊರಡಿಸಿತು. ಜಾಮೀನು ಸಿಕ್ಕಿ ಏಳು ದಿನದೊಳಗೆ ಬಿಡುಗಡೆ ಆಗದಿದ್ದರೆ ಜೈಲಿನ ಅಧೀಕ್ಷಕರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಾರ್ಯದರ್ಶಿಗೆ ತಿಳಿಸಬೇಕು. ಒಂದು ತಿಂಗಳಾದರೂ ಶ್ಯೂರಿಟಿ ಒದಗಿಸಲು ಆಗದಿದ್ದರೆ ಕೋರ್ಟು ತಾನಾಗಿಯೇ ಕೇಸು ಎತ್ತಿಕೊಂಡು ಷರತ್ತು ಸಡಿಲಿಸಬಹುದೇ ಎಂದು ನೋಡಬಹುದು. ಅದೇ ವರ್ಷ ಕೇಂದ್ರ ಸರ್ಕಾರ ಬಡ ಕೈದಿಗಳಿಗೆ ನೆರವಿನ ಯೋಜನೆ ತಂದಿತು: ಅರ್ಹ ವಿಚಾರಣಾಧೀನ ಕೈದಿಯ ಜಾಮೀನಿಗೆ 40 ಸಾವಿರ ರೂಪಾಯಿವರೆಗೆ, ದಂಡ ಕಟ್ಟಲಾಗದೆ ಒಳಗಿರುವ ಶಿಕ್ಷಿತ ಕೈದಿಗೆ 25 ಸಾವಿರದವರೆಗೆ. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಂ ಪ್ರಕಾರ, ಮೊದಲ ಸಲ ಕೇಸಿನಲ್ಲಿ ಸಿಕ್ಕವನು ಆ ಅಪರಾಧಕ್ಕಿರುವ ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಒಳಗೆ ಕಳೆದಿದ್ದರೆ ಅವನನ್ನು ಬಾಂಡಿನ ಮೇಲೆ ಬಿಡಬೇಕು. ಉಳಿದವರಿಗೆ ಅರ್ಧ. ಮರಣದಂಡನೆ, ಜೀವಾವಧಿ ಶಿಕ್ಷೆಯ ಅಪರಾಧಗಳಿಗೆ ಇದು ಅನ್ವಯಿಸುವುದಿಲ್ಲ. ಒಂದಕ್ಕಿಂತ ಹೆಚ್ಚು ಕೇಸು ಇದ್ದವರಿಗೂ ಇಲ್ಲ. ಅರ್ಜಿ ಹಾಕುವುದು ಜೈಲಿನ ಅಧೀಕ್ಷಕರ ಕರ್ತವ್ಯ ಎಂದೂ ಬರೆದಿದೆ.

ಕಾಗದದ ಮೇಲೆ ಇಷ್ಟೆಲ್ಲ ಇದೆ. ಎರಡು ತಿಂಗಳಿಂದ ಜಾಮೀನು ಆದೇಶ ಕೈಯಲ್ಲಿಟ್ಟುಕೊಂಡ ಹುಡುಗ ಒಳಗೇ ಇದ್ದಾನೆ. ಇಲ್ಲಿ ನಮ್ಮ ಸಿಟ್ಟು ಬ್ಯಾರಕ್ಕಿನ ಗಟ್ಟಿಗನ ಮೇಲೂ ಅಲ್ಲ, ಸಂಬಳ ಕಡಿಮೆ, ಡ್ಯೂಟಿ ಜಾಸ್ತಿ ಇರುವ ವಾರ್ಡರ್ ಮೇಲೂ ಅಲ್ಲ. ಹೊಸ ಜೈಲಿನ ಶಂಕುಸ್ಥಾಪನೆಗೆ ಹಣ ಸಿಗುತ್ತದೆ, ಖಾಲಿ ಹುದ್ದೆ ತುಂಬಲು ಸಿಗುವುದಿಲ್ಲ. ಜಾಮೀನು ಆಗಿಯೂ ಒಳಗಿರುವವರ ಪಟ್ಟಿ ಪ್ರತಿ ಜೈಲಿನ ಕಂಪ್ಯೂಟರಿನಲ್ಲಿ ಇರಬೇಕು, ಅದನ್ನು ತೆಗೆದು ನೋಡುವ ವ್ಯವಧಾನ ಇರುವುದಿಲ್ಲ. ವಾರಕ್ಕೊಮ್ಮೆ ಆ ಪಟ್ಟಿಯನ್ನು ಜಿಲ್ಲಾ ನ್ಯಾಯಾಲಯದ ನೋಟಿಸ್ ಬೋರ್ಡಿಗೆ ಹಾಕಲಿ ಎಂದು ನಾವು ಕೇಳುತ್ತೇವೆ. ಕಟ್ಟಡ ಬೇಕಿಲ್ಲ, ಟೆಂಡರ್ ಬೇಕಿಲ್ಲ. ಒಂದು ಪ್ರಿಂಟು ಸಾಕು.

ನಿಮ್ಮ ಊರಿನಲ್ಲಿ ಇಂಥವರು ಇದ್ದರೆ ಇಷ್ಟು ಮಾಡಿ. ತಾಲ್ಲೂಕು ಕೋರ್ಟಿನ ಆವರಣದಲ್ಲೇ ಕಾನೂನು ಸೇವಾ ಸಮಿತಿಯ ಕಚೇರಿ ಇರುತ್ತದೆ. ಜೈಲಿನಲ್ಲಿರುವವರಿಗೆ ವಕೀಲರು ಪುಕ್ಕಟೆ, ಆದಾಯ ಪ್ರಮಾಣಪತ್ರ ತನ್ನಿ ಎಂದು ಕೇಳುವಂತಿಲ್ಲ. 15100 ಕಾನೂನು ನೆರವಿನ ರಾಷ್ಟ್ರೀಯ ಸಹಾಯವಾಣಿ. ಜಾಮೀನು ಆದೇಶ ಬಂದ ತಾರೀಖು ಬರೆದಿಟ್ಟುಕೊಳ್ಳಿ, ಷರತ್ತು ಸಡಿಲಿಸಿ ಎಂದು ಅರ್ಜಿ ಹಾಕಿಸಿ. ಒಳಗಿಂದ ದುಡ್ಡಿಗೆ ಫೋನ್ ಬಂದರೆ ನಂಬರು, ಹೊತ್ತು, ಎಷ್ಟು ಕೇಳಿದರು ಎಂಬುದನ್ನು ಗುರುತು ಮಾಡಿಕೊಂಡು, ಆ ವಕೀಲರ ಮೂಲಕ ನ್ಯಾಯಾಧೀಶರ ಗಮನಕ್ಕೆ ತನ್ನಿ. ಜೈಲಿಗೆ ನೇರವಾಗಿ ದೂರು ಕೊಡುವುದಕ್ಕಿಂತ ಇದು ವಾಸಿ ಎಂದು ನಮಗೆ ವಕೀಲರೊಬ್ಬರು ಹೇಳಿದರು. ಕೈದಿಯನ್ನು ಆಗಾಗ ನೋಡಲು ಹೋಗಿ. ಹಿಂದೆ ಮುಂದೆ ಯಾರೂ ಇಲ್ಲದವನ ಮೇಲೇ ಮೊದಲು ಕೈ ಬೀಳುವುದು.

ಪಕ್ಕದೂರಿನ ಹುಡುಗನ ಅರ್ಜಿ ಹಾಕಿಸಿದ್ದೇವೆ. ಒಬ್ಬ ದೊಡ್ಡಪ್ಪನ ಮಗ ಪಹಣಿ ಕೊಡಲು ಅರ್ಧ ಮನಸ್ಸು ಮಾಡಿದ್ದಾನೆ, ಹೆಂಡತಿ ಒಪ್ಪಬೇಕಂತೆ. ಕೋರ್ಟು ಇರುವುದು ಸೋಮವಾರ. ಮೊನ್ನೆ ಸಂಜೆ ಆ ತಾಯಿಗೆ ಮತ್ತೆ ಫೋನ್ ಬಂದಿತ್ತು, ಈ ಸಲ ಎರಡು ಸಾವಿರ. "ಸೋಮವಾರದ ತನಕ ತಡೀರಿ ಅಂದೆ" ಎಂದರು. ಆ ಕಡೆಯವನು ಏನೆಂದ ಎಂದು ಕೇಳಿದೆವು. ಆಕೆ ಹೇಳಲಿಲ್ಲ. ಬೆಳಿಗ್ಗೆ ಏಳೂವರೆ ಬಸ್ಸಿಗೆ ಯಾರು ಬರುತ್ತೀರಿ ಎಂದಷ್ಟೇ ಕೇಳಿದರು.